ಅಂಕಿ ಉಜ್ಜಿದ ಕೈ, ಅಂಕಿ ಹೊಡೆಯುವ ಕೈ

ಬೆಳಗಿನ ನಮಾಜು ಮುಗಿದಿದೆ, ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಮಸ್ಕತ್ತಿನ ಬಂದೂಕು ಕೋಠಿಯ ಬಾಗಿಲು ತೆಗೆಯುವವನು ಬರುವ ಹೊತ್ತಿಗೆ ಮರ್ಹೂನ್ ಬಿನ್ ಸುವೈದ್ ಹೊಸ್ತಿಲ ಮೇಲೆ ಕೂತು ಖರ್ಜೂರ ತಿನ್ನುತ್ತಿರುತ್ತಾರೆ. ಬೀಜ ಉಗಿದು, ಕೈ ಒರೆಸಿಕೊಂಡು ಒಳಗೆ ಹೋಗಿ ಚಾಪೆ ಹಾಸುತ್ತಾರೆ. ಪೆಟ್ಟಿಗೆಯಿಂದ ತೆಗೆದ ಬಂದೂಕನ್ನು ತೊಡೆಯ ಮೇಲೆ ಅಡ್ಡ ಮಲಗಿಸಿ, ನಳಿಗೆಯ ಬುಡಕ್ಕೆ ಉಕ್ಕಿನ ಅಚ್ಚು ಹಿಡಿದು ಸುತ್ತಿಗೆ ಎತ್ತುತ್ತಾರೆ. ಐದು ಅಂಕಿ, ಕೋಠಿಯದೊಂದು ಮುದ್ರೆ. ಆಮೇಲೆ ಆ ಜಾಗವನ್ನು ಹೆಬ್ಬೆರಳಿನಿಂದ ಸವರಿ ನೋಡುತ್ತಾರೆ.

"ಕಣ್ಣು ಮಂಜಾಯ್ತು ತಮ್ಮಾ. ಬೆರಳಿಗೆ ಮಾತ್ರ ಇನ್ನೂ ವಯಸ್ಸಾಗಿಲ್ಲ" ಎಂದು ನನ್ನ ಕಡೆ ತಿರುಗಿ ನಗುತ್ತಾರೆ. ಮುಂದಿನ ಎರಡು ಹಲ್ಲಿಲ್ಲದ ಆ ನಗು ನೋಡಲು ಚಂದ.

ಕೋಠಿ ತೆರೆದು ಇದು ಎರಡನೆಯ ಚಳಿಗಾಲ. ಇಲ್ಲಿಂದ ಹಾಯಿಹಡಗಿನಲ್ಲಿ ಹೋಗಿ ಮಕ್ರಾನ ತೀರದ ಮರಳಲ್ಲಿ ಇಳಿದು, ಒಂಟೆ ಏರಿ ಬೆಟ್ಟ ದಾಟಿ, ಕೊನೆಗೆ ತಮ್ಮ ಗಡಿಯ ಸಿಪಾಯಿಗಳ ಮೇಲೆಯೇ ಸಿಡಿಯುತ್ತಿದ್ದ ಬಂದೂಕುಗಳನ್ನು ತಡೆಯಬೇಕೆಂದು ಇಂಗ್ಲಿಷರು ವರ್ಷಗಟ್ಟಲೆ ಸುಲ್ತಾನರ ಬೆನ್ನು ಹತ್ತಿದರು. ನಮ್ಮ ವ್ಯಾಪಾರಿಗಳ ಹಕ್ಕು ಎಂದು ಫ್ರೆಂಚರು ಅಡ್ಡ ನಿಂತರು. ಕಾಗದಗಳು ಲಂಡನ್ನಿಗೆ ಹೋದವು, ಪ್ಯಾರಿಸ್ಸಿಗೆ ಹೋದವು, ಬುಶಹರದ ಇಂಗ್ಲಿಷ್ ಕಚೇರಿಗೆ ಬಂದು ಮಲಗಿದವು. ಕಡೆಗೆ ಆದ ಕಟ್ಟಳೆ ಇಷ್ಟು: ಬಂದ ಬಂದೂಕೆಲ್ಲ ಕೋಠಿ ಸೇರಬೇಕು, ಅಂಕಿ, ಮುದ್ರೆ, ಪರವಾನಗಿ ಇಲ್ಲದೆ ಒಂದೂ ಹೊರಗೆ ಹೋಗಕೂಡದು. ಕಟ್ಟಳೆಗೆ ಮುಂಚೆಯೇ ಕೊಂಡಿದ್ದನ್ನು ಹಡಗಿನವರು ಕಾವಲಿಗೆಂದು ಇಟ್ಟುಕೊಳ್ಳಬಹುದು. ಅಷ್ಟು ದೊಡ್ಡವರು ಅಷ್ಟು ವರ್ಷ ಆಡಿದ ಮಾತೆಲ್ಲ ಬಂದು ನಿಂತಿರುವುದು ಅರವತ್ತು ದಾಟಿದ ಈ ಮುದುಕರ ಸುತ್ತಿಗೆಯಲ್ಲಿ. ಆ ದೊಡ್ಡವರಲ್ಲಿ ಒಬ್ಬರಿಗೂ ಇವರ ಹೆಸರು ಗೊತ್ತಿರಲಿಲ್ಲ, ಮೊನ್ನೆಯವರೆಗೆ.

ಮರ್ಹೂನರದು ನಿಜ್ವಾ ಊರಿನ, ಬಾಕು ಮಾಡುವ ಮನೆತನ. ಅಲಗು ತಿಕ್ಕಿ, ಮೆರುಗುಕಲ್ಲಿನಿಂದ ಉಜ್ಜಿ, ಅನ್ನಭೇದಿಯನ್ನು ನಿಂಬೆರಸದಲ್ಲಿ ಕಲಸಿ ಬಳಿದರೆ ಉಕ್ಕಿನ ಒಳಗಿನ ಗೆರೆಗಳು ಮೇಲಕ್ಕೆ ಏಳುತ್ತವೆ. ಅದನ್ನು ಅಪ್ಪನಿಂದ ಕಲಿತರು. ಬಾಕಿನ ಗಿರಾಕಿ ಕಡಿಮೆಯಾದಾಗ ಮಸ್ಕತ್ತಿನ ಪಕ್ಕದ ಮತ್ರಾದ ವ್ಯಾಪಾರಿಯೊಬ್ಬನ ಅಂಗಡಿ ಸೇರಿದರು. ಅಲ್ಲಿಯ ಕೆಲಸ ಬಂದೂಕಿನ ಮೇಲಿನ ಕಾರ್ಖಾನೆಯ ಅಂಕಿಯನ್ನು ಅರದಿಂದ ಉಜ್ಜಿ ತೆಗೆಯುವುದು. ಅಂಕಿ ಇದ್ದರೆ ಯಾವ ಹಡಗಲ್ಲಿ ಬಂತು, ಯಾರ ಅಂಗಡಿಗೆ ಬಂತು ಎಂದು ಇಂಗ್ಲಿಷರು ಹಿಡಿಯುತ್ತಾರಲ್ಲ! ಎಂಟು ವರ್ಷ ಉಜ್ಜಿದರು. ಕೆಮ್ಮು ಶುರುವಾಗಿ ಬಿಟ್ಟೇ ಏಳು ವರ್ಷವಾಯಿತು. ಕೋಠಿಗೆ ಜನ ಬೇಕೆಂದಾಗ, ಅಂಕಿ ಎಲ್ಲಿ ಕೂರುತ್ತದೆಂದು ಇವರಷ್ಟು ಬಲ್ಲವರು ಊರಲ್ಲಿ ಇನ್ನೊಬ್ಬರಿರಲಿಲ್ಲ.

ಚಳಿಗಾಲದಲ್ಲಿ ದಿನಕ್ಕೆ ನಲವತ್ತು ಬಂದೂಕು, ಅಂದರೆ ಇನ್ನೂರ ನಲವತ್ತು ಏಟು. ಬಲ ಭುಜ ಎಡಕ್ಕಿಂತ ಒಂದು ಬೆರಳು ಇಳಿದಿದೆ. ಬಜಾರಿನಲ್ಲಿ ಹಾದುಹೋದರೆ ಹಲ್ವಾ ಕಲಕುವವನು ಇವರನ್ನು ಮಗನ ಹೆಸರಿನಿಂದ ಕರೆದು ಕೆಣಕದೆ ಬಿಡುವುದಿಲ್ಲ: "ಏನಪ್ಪಾ ಅಬು ಸೈಫ್, ಸಾಹೇಬರ ಕುರಿಗಳಿಗೆ ಬರೆ ಹಾಕಿ ಬಂದ್ಯಾ?" ಇವರ ಉತ್ತರವೂ ಸಿದ್ಧ: "ಹಾಕಿದೆ. ನಿನ್ನ ಹಲ್ವಾಗೂ ಒಂದು ಹಾಕ್ಲಾ? ಅದೂ ಕಬ್ಬಿಣದ ಹಾಗೇ ಇದೆ."

ಒಂದು ತಿಂಗಳ ಹಿಂದೆ ಇಂಗ್ಲಿಷರ ಕಾವಲು ಹಡಗು, ಸೂರ್ ಬಂದರಿನ ನಾಖುದಾ, ಅಂದರೆ ಹಡಗಿನ ಯಜಮಾನ, ಸಂಜೂರನ ಹಾಯಿಹಡಗನ್ನು ಹಿಡಿದು ತಂದಿತು. ಅದರಲ್ಲಿದ್ದುದು ಐದು ಬಂದೂಕು, ಒಂದರ ಮೇಲೂ ಅಂಕಿಯಿಲ್ಲ. ಹನ್ನೊಂದು ವರ್ಷದ ಹಿಂದೆ ಕೊಂಡದ್ದು ಎಂದ ಸಂಜೂರ್. ಕೋಠಿಯ ಮುದ್ರೆಯನ್ನೇ ಉಜ್ಜಿದ್ದಾನೆ, ಹಡಗು ಸುಡಬೇಕು ಎಂದ ಕಪ್ತಾನ. ಹಡಗಿನ ಮೇಲೆ ಫ್ರೆಂಚ್ ಬಾವುಟವಿತ್ತು, ಹಾಗಾಗಿ ಫ್ರೆಂಚ್ ಕಾನ್ಸಲನಿಗೂ ಮೈಯೆಲ್ಲ ಉರಿ. ಫ್ರೆಂಚ್ ಬಾವುಟದ ಹಡಗನ್ನು ಇಂಗ್ಲಿಷರು ತಡೆಯಬಹುದೇ ಎಂದು ಎರಡು ವಾರ ಬರೀ ಬಾವುಟದ ಮೇಲೆಯೇ ಕಾಗದ ಓಡಾಡಿತು. ಬಂದೂಕುಗಳನ್ನು ಸಾಕ್ಷಿಗೆಂದು ತಂದು ಕೋಠಿಯ ಮೂಲೆಯಲ್ಲಿ ಒರಗಿಸಿದರು. ಮರ್ಹೂನ್ ಸುಮ್ಮನೆ ಹೆಬ್ಬೆರಳು ಆಡಿಸಿ ನೋಡಿದರು. ಮತ್ತೆ ಐದನ್ನೂ ಒಂದೊಂದಾಗಿ ಸವರಿದರು.

ಅದು ಅವರದೇ ಕೈಕೆಲಸ. ಉಳಿದವರೆಲ್ಲ ಅರ ಆಡಿಸಿ ಬಿಟ್ಟುಬಿಡುತ್ತಿದ್ದರು. ಬಾಕಿನ ಮನೆಯಲ್ಲಿ ಹುಟ್ಟಿದ ಇವರಿಗೆ ಉಕ್ಕನ್ನು ತರಿತರಿಯಾಗಿ ಬಿಡಲು ಮನಸ್ಸೇ ಬರುತ್ತಿರಲಿಲ್ಲ. ಮೆರುಗುಕಲ್ಲು ಹಿಡಿದು ನುಣುಪು ಮಾಡಿಯೇ ಕೆಳಗಿಡುತ್ತಿದ್ದರು. "ಕಳ್ಳ ಕೆಲಸಕ್ಕೂ ಮೆರುಗು ಕೊಟ್ಟ ಮುಠ್ಠಾಳ ಮತ್ರಾದಲ್ಲಿ ನಾನೊಬ್ಬನೇ" ಎನ್ನುತ್ತಾರೆ.

ಮನೆಯಲ್ಲಿ ಹೇಳಿದಾಗ ಹೆಂಡತಿ ಝುವೈನಾ ಮೀನು ಹೆಚ್ಚುವ ಕತ್ತಿ ಕೆಳಗಿಟ್ಟರು. "ಸೈಫನಪ್ಪಾ, ನಿಮ್ಮನ್ನ ಯಾರಾದ್ರೂ ಕೇಳಿದ್ರಾ? ಹಳೇದು ಹೊರಗೆ ಬಂದ್ರೆ ಕೆಲಸ ಹೋಗ್ತದೆ. ಈ ವಯಸ್ಸಲ್ಲಿ ಯಾರು ಕರೀತಾರೆ ನಿಮ್ಮನ್ನ?"

"ಯಾರೂ ಕರಿಯಲ್ಲ. ಆದ್ರೆ ಅವನ ಹಡಗು ಸುಟ್ರೆ ಅದರ ಹೊಗೆ ನಮ್ಮನೆ ಕಿಟಕೀಗೇ ಬರೋದು ಕಣೇ."

ಆಕೆ ಕತ್ತಿ ಎತ್ತಿಕೊಂಡು ಮೀನು ಹೆಚ್ಚಿ ಮುಗಿಸಿದರು. ಬೆಳಿಗ್ಗೆ ಒಗೆದ ಅಂಗಿ ತಂದು ಮುಂದಿಟ್ಟರು.

ಅವತ್ತು ಸುಲ್ತಾನರ ವಜೀರರ ಸಭೆಯಲ್ಲಿ ಕಪ್ತಾನ, ಕಾನ್ಸಲ್ ಇಬ್ಬರೂ ಬಾವುಟದಲ್ಲೇ ಸಿಕ್ಕಿಕೊಂಡಿದ್ದರು. ಬಾಗಿಲ ಬಳಿ ಕೂತ ಸಂಜೂರನಿಗೆ ಸಾಕಾಯಿತು: "ಬಾವುಟ ಯಾರು ಬೇಕಾದ್ರೂ ಇಟ್ಕೊಳ್ಳಿ ಸ್ವಾಮಿ, ಹಡಗು ನಂದು!" ಆಗ, ಸಾಕ್ಷಿಯ ಬಂದೂಕುಗಳ ಜೊತೆ ಬಂದಿದ್ದ ಮರ್ಹೂನ್ ಎದ್ದು, ಅಪ್ಪಣೆಯಾದರೆ ಬಂದೂಕನ್ನೇ ಕೇಳೋಣ ಎಂದರು. ನಳಿಗೆಗೆ ಅನ್ನಭೇದಿ, ನಿಂಬೆರಸ ಬಳಿದು, ಒರೆಸಿ ಮತ್ತೆ ಬಳಿದರು. ಕಾಫಿ ಎರಡು ಸುತ್ತು ಬರುವಷ್ಟರಲ್ಲಿ, ಉಜ್ಜಿದ ಕಡೆ ಕಾರ್ಖಾನೆಯ ಅಂಕಿ ಮಸುಕಾಗಿ ಎದ್ದಿತು. ಐದರಲ್ಲಿಯೂ ಅಷ್ಟೆ. ಕೋಠಿಯ ಮುದ್ರೆ ಒಂದರಲ್ಲಿಯೂ ಇಲ್ಲ.

"ಹಾಗಾದರೆ ಉಜ್ಜಿದವನು ಯಾರು, ಯಾವಾಗ?" ಎಂದು ದುಭಾಷಿಯಿಂದ ಕೇಳಿಸಿದ ಕಪ್ತಾನ.

"ನಾನೇ ಸಾಹೇಬರೇ. ಈ ನುಣುಪು ಇನ್ಯಾರ ಕೈಗೂ ಬರಲ್ಲ. ಅರ ಕೆಳಗಿಟ್ಟು ಏಳು ವರ್ಷ ಆಯ್ತು, ಆಗ ನಿಮ್ಮ ಕಟ್ಟಳೆ ಇರಲಿಲ್ಲ. ಇದ್ದಿದ್ರೂ ಉಜ್ತಿದ್ದೆನೋ ಏನೋ, ಮನೇಲಿ ಆರು ಬಾಯಿ. ಆದ್ರೆ ಈ ಮನುಷ್ಯ ಮುದ್ರೆ ಮುಟ್ಟಿಲ್ಲ."

ಸಭೆಯಲ್ಲಿದ್ದವರು ಆ ಮಾತನ್ನು ಇನ್ನೂ ಬಜಾರಿನಲ್ಲಿ ಹೇಳುತ್ತಿದ್ದಾರೆ. ತನ್ನ ಅನ್ನಕ್ಕೆ ತಾನೇ ಕಲ್ಲು ಹಾಕಿಕೊಂಡು ಇನ್ನೊಬ್ಬನ ಹಡಗು ಉಳಿಸುವ ಧೈರ್ಯ ಎಷ್ಟು ಜನಕ್ಕಿದೆ? ಮೂರನೆಯ ದಿನ ಸಂಜೂರ್ ಹಾಯಿ ಬಿಚ್ಚಿದ. ಕಾನ್ಸಲ್ ತನ್ನ ಊರಿಗೆ ತಾನು ಗೆದ್ದೆನೆಂದು ಬರೆದ, ಕಪ್ತಾನನೂ ಹಾಗೆಯೇ ಬರೆದಿರಬೇಕು. ಜೊತೆಗೆ ಕಪ್ತಾನನಿಂದ ವಜೀರರಿಗೊಂದು ಕಾಗದ: ಇಂಥ ಹಿನ್ನೆಲೆಯವನ ಕೈಯಲ್ಲಿ ಕೋಠಿಯ ಮುದ್ರೆ ಇರಕೂಡದು. ವಜೀರರು ಎಂಟು ದಿನ ಕಾಗದವನ್ನು ದಿಂಬಿನ ಕೆಳಗಿಟ್ಟರು. ಆಮೇಲೆ ಅವರಿಗೂ ತಡೆಯಲಾಗಲಿಲ್ಲ.

ಇವತ್ತೇ ಮರ್ಹೂನರ ಕೊನೆಯ ದಿನ. ಮೂವತ್ತೊಂದು ಬಂದೂಕು ಮುಗಿಸಿದ್ದಾರೆ, ಅಚ್ಚುಗಳನ್ನು ಎಣ್ಣೆ ಹಚ್ಚಿ ಬಟ್ಟೆಯಲ್ಲಿ ಸುತ್ತಿದ್ದಾರೆ. ಕಪ್ತಾನನ ಮೇಲೆ ಸಿಟ್ಟಿಲ್ಲವೇ ಎಂದರೆ ಇಲ್ಲವೆಂದು ತಲೆಯಾಡಿಸುತ್ತಾರೆ.

"ಅವನು ಹೇಳಿದ್ರಲ್ಲಿ ತಪ್ಪೇನಿದೆ? ನನಗೂ ಅದೇ ಭಯ ಇತ್ತು ತಮ್ಮಾ. ಕೆಲಸಕ್ಕೆ ಸೇರಿದ ವಾರವೇ, ನಾನು ಹೊಡೆದ ಅಂಕೀನ ನಾನೇ ತೆಗೀಬಹುದಾ ಅಂತ ಒಂದು ಮುರುಕು ನಳಿಗೆ ಮನೆಗೆ ತಗೊಂಡು ಹೋದೆ. ಇಲ್ಲಿ ಹೊಡೆಯೋ ಹಾಗೇ ಆಳಕ್ಕೆ ಅಂಕಿ ಹೊಡೆದೆ. ಅರ ತಗೊಂಡು ಕೂತೆ. ಮೂರು ಶುಕ್ರವಾರ ಉಜ್ಜಿದೆ. ನಳಿಗೆ ಸವೆದು ತೂತು ಬಿತ್ತು, ಅಂಕಿ ಹೋಗ್ಲಿಲ್ಲ."