ಕಡಲ ದಂಡೆಯಲ್ಲಿ ಬಡಿದ ತಮಟೆ

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ದೆವ್ವ ಗಿವ್ವ ಅಂದರೆ ಬಿದ್ದು ಬಿದ್ದು ನಗುತ್ತಿದ್ದವನು ನಾನು. ಆದರೆ ಇದು ನನಗೇ ಆದದ್ದು...

ನಮ್ಮದು ನಂಜನಗೂಡಿನ ಹೊಳೆದಂಡೆಯ ಬೀದಿ. ಕಪಿಲೆ ಉಕ್ಕುವುದು ಮೇಲೆ ಡ್ಯಾಮ್ ಬಾಗಿಲು ತೆಗೆದಾಗ. ಅದಕ್ಕೆ ಮೊದಲು ಬೀದಿಯಲ್ಲಿ ಸಾರುತ್ತಾರೆ. ಈಗ ಆಟೋದಲ್ಲಿ ಮೈಕು ಬರುತ್ತದೆ. ನಾನು ಚಿಕ್ಕವನಿದ್ದಾಗ ಸಿದ್ದಯ್ಯ ತಾತ ತಮಟೆ ಬಡಿದು ಸಾರುತ್ತಿದ್ದ. ಅವನು ಸತ್ತು ಎಷ್ಟೋ ವರ್ಷವಾಯಿತು.

ಹೋದ ವರ್ಷ ಹೆಂಡತಿ ಮಂಜುಳೆಯ ಜೊತೆ ಕರಾವಳಿಯ ಒಂದು ಹಳೇ ಬಂದರೂರಿಗೆ ಹೋಗಿದ್ದೆ. ಪಾಳು ಕೋಟೆ, ಒಣಮೀನಿನ ವಾಸನೆ, ಬೋರಲು ಹಾಕಿದ ದೋಣಿಗಳು. ಸಂಜೆ ಕೋಟೆಯ ಮುಂದೆ ಕಡಲೊಳಗಿನ ಬಂಡೆಯತ್ತ, ನೀರಿಳಿದ ಮರಳ ಮೇಲೆ ನಡೆದೆವು.

ಬಲೆ ಹೆಣೆಯುತ್ತಿದ್ದವನೊಬ್ಬ ಕೂಗಿ ಹೇಳಿದ. "ಬೇಗ ವಾಪಸ್ ಬನ್ನಿ ಮಾರಾಯ್ರೆ, ಕತ್ತಲಾಗುವಾಗ ನೀರು ಏರ್ತದೆ."

"ಮಳೆ ಇಲ್ಲ, ಡ್ಯಾಮ್ ಇಲ್ಲ... ನೀರು ಎಲ್ಲಿಂದ ಬತ್ತದೆ ಕಣೇ?" ಎಂದು ಮಂಜುಳೆಯ ಹತ್ತಿರ ನಕ್ಕೆ. ಭರತ ಇಳಿತ ಶಾಲೆಯಲ್ಲಿ ಓದಿದ್ದೆ. ಹೊಳೆ ನೀರು ಕುಡಿದ ತಲೆಗೆ ಅದು ಹತ್ತಬೇಕಲ್ಲ! ಮಂಜುಳೆಗೆ ಈಜು ಬೇರೆ ಬಾರದು.

ಬಸ್ಸಿನ ಆಯಾಸ. ಬಂಡೆಯ ಮೇಲೆ ಬ್ಯಾಗು ತಲೆಗಿಟ್ಟುಕೊಂಡವರಿಗೆ ನಿದ್ದೆ ಹತ್ತಿಬಿಟ್ಟಿತು.

ಡಂ... ಡಂ...

ದಡದ ಕಡೆಯಿಂದ ತಮಟೆ. ಆಮೇಲೆ ಸಿದ್ದಯ್ಯ ತಾತನ ಅದೇ ಒಡಕು ದನಿ. "ನೀರು ಬಿಟ್ಟವ್ರೆ ಕಣ್ರಪ್ಪೋ... ಮ್ಯಾಕೆ ಬನ್ನಿ... ಎಮ್ಮೆ ಬಿಚ್ಚಿ, ಮಕ್ಕಳ ಎತ್ಕಳಿ..."

ಕಣ್ಣು ಬಿಟ್ಟೆ. ಕತ್ತಲು. ಸುತ್ತ ನೀರು. ಬೆಂಕಿಗೆ ಕಾಯಿಸಿದ ತಮಟೆಯ ಚರ್ಮದ ವಾಸನೆ ಗಮ್ಮೆಂದು ಮೂಗಿಗೆ ಹೊಡೆಯಿತು.

ಮಂಜುಳೆ ಆಗಲೇ ಎದ್ದು ನನ್ನ ತೋಳು ಹಿಡಿದಿದ್ದಳು. ಸದ್ದು ಬಂದ ದಿಕ್ಕಿಗೇ ಅವಳನ್ನು ಎಳೆದುಕೊಂಡು ಇಳಿದೆ. ನೀರು ಸೊಂಟಕ್ಕೆ ಬಂತು, ಎದೆಗೆ ಬಂತು. ಒಂದು ಅಲೆ ಅವಳ ಕಾಲು ಕಿತ್ತಿತು. ಅಯ್ಯೋ ಶಿವನೇ, ಹೋದಳು ಅಂದುಕೊಂಡೆ... ಜಡೆ ಕೈಗೆ ಸಿಕ್ಕಿತು. ಹೇಗೋ ದಡ ಸೇರಿದೆವು.

ಅಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ.

"ತಮಟೆ ಬಡಿದವರು ಎಲ್ಲಿ ಹೋದ್ರು ಕಣೇ?" ಎಂದೆ.

"ಯಾವ ತಮಟೆ? ಕೂಗಿದ್ದು ನೀವೇ ಕಣ್ರೀ... ಮಲಗ್ಕೊಂಡೇ, ಕಣ್ಣು ಮುಚ್ಕೊಂಡೇ." ಮಂಜುಳೆ ನನ್ನ ತೋಳು ಬಿಟ್ಟು ಒಂದು ಹೆಜ್ಜೆ ಹಿಂದೆ ಸರಿದಳು. "ಆದ್ರೆ ಅದು ನಿಮ್ಮ ದನಿ ಅಲ್ಲ. ಯಾರೋ ಮುದುಕನ ದನಿ. ಎಮ್ಮೆ ಬಿಚ್ಚಿ ಅಂದ್ರಲ್ಲ, ನಮಗೆಲ್ಲಿವೆ ಎಮ್ಮೆ?"

ಅವಳು ಮೂಗೂರಿನವಳು. ನಮ್ಮ ಮದುವೆಗೆ ಮೊದಲೇ ಸಿದ್ದಯ್ಯ ತಾತ ತೀರಿಕೊಂಡಿದ್ದ. ಅವನ ಹೆಸರನ್ನೂ ನಾನು ಅವಳ ಮುಂದೆ ಎತ್ತಿದವನಲ್ಲ.

ಈಗಲೂ ಕಪಿಲೆಗೆ ನೀರು ಬಿಟ್ಟರೆ ಆಟೋ ಸಾರುತ್ತಾ ಬರುತ್ತದೆ. ಬೀದಿಯವರೆಲ್ಲ ಹೊಳೆ ನೋಡಲು ಓಡುತ್ತಾರೆ. ಮಂಜುಳೆ ಮಾತ್ರ ಬಾಗಿಲಲ್ಲೇ ನಿಂತು ನನ್ನ ಬಾಯಿ ನೋಡುತ್ತಿರುತ್ತಾಳೆ...