ರೆಕ್ಕೆಯ ಮೇಲಿನ ನೀರು

ಬಾಗಿಂಡೋ ನಾಂಬೀರಾಳ ಅಂಗಳಕ್ಕೆ ಕಾಲಿಡುತ್ತಿದ್ದಂತೆಯೇ ಅವಳ ನಾಯಿ ಅವನ ಕೈಯಿಂದ ಕೋಳಿಯ ರೆಕ್ಕೆ ಕಿತ್ತುಕೊಂಡು ಓಡಿತು. ಮುಖ್ಯಸ್ಥನ ದೂತನೆಂಬ ಗತ್ತಿನಲ್ಲಿ ಬಂದಿದ್ದವನು ಜಾರುವ ಚಡ್ಡಿ ಹಿಡಿದುಕೊಂಡು ಮರಗೆಣಸಿನ ಹೊಲವೆಲ್ಲ ಅದರ ಬೆನ್ನಟ್ಟಬೇಕಾಯಿತು.

"ಯಾರ ಮನೆ ರೆಕ್ಕೆ ತಮ್ಮಾ ಅದು?" ಎಂದಳು ನಾಂಬೀರಾ, ಮಡಕೆ ತಟ್ಟುತ್ತಲೇ.

"ನಿನ್ನ ಮೈದುನ ಕಿಪಾನ ಮನೇದು. ಜ್ವರ ಇಳೀತಾ ಇಲ್ಲ. ಕೋಳಿಗೆ ವಿಷ ಹಾಕಿ ಒಬ್ಬೊಬ್ಬರ ಹೆಸರೂ ಕೇಳಿದ್ರು. ನಿನ್ನ ಹೆಸರಿಗೆ ಸತ್ತೋಯ್ತು." ಬಾಗಿಂಡೋ ಏದುಸಿರು ಬಿಡುತ್ತ ರೆಕ್ಕೆಯ ಮಣ್ಣು ಒರೆಸಿ ಎಲೆಯ ಮೇಲಿಟ್ಟ.

ಜಾಂದೆ ಸೀಮೆಯಲ್ಲಿ ಇದಕ್ಕೆ ಯಾರೂ ಬೆಚ್ಚುವುದಿಲ್ಲ. ಒಬ್ಬರ ಹೊಟ್ಟೆಯ ಕಿಚ್ಚು ಅವರಿಗೇ ತಿಳಿಯದೆ ಎದ್ದುಹೋಗಿ ಇನ್ನೊಬ್ಬರನ್ನು ತಿಂದೀತು. ಯಾರ ಹೆಸರಿಗೆ ಕೋಳಿ ಸಾಯುವುದೋ ಕಿಚ್ಚು ಅವರದು, ಅದರ ರೆಕ್ಕೆಯೂ ಅವರಿಗೇ. ರೆಕ್ಕೆ ಬಂದಾಗ ಅದರ ಮೇಲೆ ಬಾಯಿ ತುಂಬ ನೀರು ಉಗುಳಿ 'ನನಗೇನೂ ಗೊತ್ತಿಲ್ಲ, ಇದ್ದರೆ ತಣ್ಣಗಾಗಲಿ' ಎಂದರೆ ಮುಗಿಯಿತು. ಬಾಗಿಂಡೋನೇ ಎಷ್ಟೋ ಸಲ ಉಗುಳಿದ್ದ, ಒಮ್ಮೆಯಂತೂ ಕಡಲೆಕಾಯಿ ಜಗಿಯುತ್ತಲೇ.

ಆದರೆ ನಾಂಬೀರಾಳಿಗೆ ಗೊತ್ತಿತ್ತು. ಮಗ ಸತ್ತ ಮೇಲೆ, ತಿನ್ನುವ ಈಸಲು ಏಳುವ ಅವನ ಹುತ್ತವನ್ನು ಕಿಪಾ ತನ್ನದೆಂದಿದ್ದ. ಮಳೆ ಬಿದ್ದು, ಅವನ ಮನೆಯಿಂದ ಈಸಲು ಹುಳ ಹುರಿಯುವ ವಾಸನೆ ಬಂದಾಗಲೆಲ್ಲ ಅವಳು ಅವನ ಸಾವು ಬಯಸಿದ್ದಳು. ಬಯಸಿದ್ದಷ್ಟೇ. ಅವನ ಹೆಂಡತಿಯ ಬಾಣಂತನಕ್ಕೆ ನೀರು ಹೊತ್ತವಳೂ ಅವಳೇ.

"ಗೊತ್ತಿಲ್ಲ ಅಂತ ಹೆಂಗೆ ಹೇಳ್ಲಿ? ಗೊತ್ತಿದ್ಯಲ್ಲ!"

"ಬಯಸಿದ್ರೆ ಸಾಯೋ ಹಂಗಿದ್ರೆ ನನ್ನ ಮಾವನ ಮನೇಲಿ ಒಲೆ ಹಚ್ಚೋಕೂ ಜನ ಉಳೀತಿರ್ಲಿಲ್ಲ. ಉಗುಳಕ್ಕಾ. ಅವನು ಬದುಕ್ಕೊಳ್ಲಿ ಪಾಪ."

ಅವಳು ನೀರು ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಕುಳಿತಳು. ಕಿಪಾನ ಬಗ್ಗೆ ಒಳ್ಳೆಯದೇನಾದರೂ ನೆನೆಯಲು ಹೆಣಗಿದಳು. ಹುರಿದ ಹುಳದ ವಾಸನೆಯೇ ಬಂತು. ಕೊನೆಗೆ ಉಗುಳಿ, ಹೇಳಬೇಕಾದ ಮಾತನ್ನು ತಪ್ಪಿಲ್ಲದೆ ಹೇಳಿದಳು.

ವಾರ ತುಂಬುವುದರೊಳಗೆ ಕಿಪಾ ತೀರಿಕೊಂಡ.

ನೀರು ಉಗುಳಿದವಳ ಮೇಲೆ ಯಾರಿಗೂ ಅನುಮಾನವಿಲ್ಲ. ಊರು ಬೇರೆ ಹೆಸರು ಕೇಳಲು ಕೋಳಿ ಹುಡುಕತೊಡಗಿತು. "ನಾನೇ ಕೊಂದದ್ದು" ಎನ್ನುತ್ತ ಅವಳು ಮುಖ್ಯಸ್ಥನ ಅಂಗಳಕ್ಕೆ ಹೋದರೆ, ದುಃಖಕ್ಕೆ ತಲೆ ಕೆಟ್ಟಿದೆಯೆಂದು ಗಂಜಿ ಕುಡಿಸಿ ಕಳಿಸಿದರು. ಅಂದಿನಿಂದ ಅವಳು ಮಡಕೆ ತಟ್ಟಲಿಲ್ಲ. ಕಲಸಿಟ್ಟ ಮಣ್ಣು ಒಣಗಿ ಬಿರುಕು ಬಿಟ್ಟಿತು.

"ನೀನು ಏನೂ ಮಾಡಿಲ್ಲ ಕಣಕ್ಕಾ," ಎಂದ ಬಾಗಿಂಡೋ.

"ಮಾಡಿದ್ರೆ ಕ್ಷಮಿಸೋರಾದ್ರೂ ಸಿಗ್ತಿದ್ರು."

ಒಣಗಿದ ಮಣ್ಣಿನ ಹೆಂಟೆಯೊಂದನ್ನು ಪುಡಿಮಾಡುತ್ತ ಅವನು ಕೇಳಿದ: "ಹೋಗ್ಲಿ, ಈಗಲಾದ್ರೂ ಅವನ ಮೇಲಿನ ಸಿಟ್ಟು ಹೋಯ್ತಾ?"

"ಹೋಯ್ತು," ಎಂದಳು. "ಅವನನ್ನ ಹೂಳಿದ ದಿನ ಒಳ್ಳೆ ನಿದ್ದೆ ಬಂತು."