ರುಚಿಗೆ ಹತ್ತು ಅಂಕ

ಸುಂದರಾಬಾಯಿ ಲಕ್ಷ್ಮೇಶ್ವರದ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಗೃಹವಿಜ್ಞಾನ ಕಲಿಸುತ್ತಿದ್ದರು, ಹುಡುಗಿಯರ ಬಾಯಲ್ಲಿ ‘ಬಾಯಾರು’. ಸ್ವಂತ ಮನೆಯ ಒಲೆಯ ಹತ್ತಿರ ಮಾತ್ರ ಅವರನ್ನು ಯಾರೂ ಬಿಟ್ಟುಕೊಳ್ಳುತ್ತಿರಲಿಲ್ಲ. ಶಾಲೆಗೆ ಹೋಗಿ ಹತ್ತು ಜಾತಿಯ ಮಕ್ಕಳ ನಡುವೆ ಓಡಾಡಿ ಬಂದ ಸೊಸೆ ಅಡುಗೆಮನೆಯ ಹೊಸ್ತಿಲು ದಾಟಬೇಕಾದರೆ ತಲೆಗೆ ನೀರು ಹಾಕಿಕೊಂಡು ಮಡಿ ಉಡಬೇಕು. ದಿನಾ ಅಷ್ಟು ಮಾಡುವುದಕ್ಕೆ ಬಾವಿಯಲ್ಲಿ ನೀರೂ ಇರಲಿಲ್ಲ, ಸೊಸೆಗೆ ಪುರುಸೊತ್ತೂ ಇರಲಿಲ್ಲ. ಹೀಗಾಗಿ ಅತ್ತೆ ತುಳಸಾಬಾಯಿ ಬೇಯಿಸುವವರು, ಸೊಸೆ ಪಡಸಾಲೆಯಲ್ಲಿ ಎಲೆ ಹಾಕಿಸಿಕೊಂಡು ಉಣ್ಣುವವರು. ಮದುವೆಯಾಗಿ ಬಂದ ಮೇಲೆ ಬಾಯಾರು ಒಂದು ಸಾರು ಕುದಿಸಿದ್ದನ್ನು ಆ ಓಣಿಯಲ್ಲಿ ಕಂಡವರಿಲ್ಲ. ಇಂಥವರು ಊರ ಹುಡುಗಿಯರಿಗೆಲ್ಲ ಅಡುಗೆ ಹೇಳಿಕೊಡುತ್ತಿದ್ದರು.

ಗಂಡ ಪ್ರಹ್ಲಾದಾಚಾರ ಗುಡಿಯ ಪೂಜೆ ಮಾಡಿಕೊಂಡಿದ್ದ. ಪೂಜೆಯಿಂದ ಬರುವುದು ತೆಂಗಿನ ಹೋಳು, ಬಾಳೆಹಣ್ಣು. ಮನೆ ನಡೆಯುವುದು ಬಾಯಾರ ಪಗಾರದಿಂದ. ಆ ಪಗಾರ ಯಾರ್ಯಾರ ಕೈ ದಾಟಿ ಬಂದರೂ ಮೈಲಿಗೆಯಾಗುತ್ತಿರಲಿಲ್ಲ. ತುಳಸಾಬಾಯಿ ಅದನ್ನು ನೆಟ್ಟಗೆ ದೇವರ ಮುಂದಿಟ್ಟು, ಕೈಮುಗಿದು, ಸೆರಗಿಗೆ ಕಟ್ಟಿಕೊಳ್ಳುತ್ತಿದ್ದರು.

ಎಪ್ಪತ್ತರ ದಶಕದಲ್ಲಿ ಬಹಳ ವರ್ಷ ಈ ಗೃಹವಿಜ್ಞಾನವೆಂದರೆ ಬರೀ ಪುಸ್ತಕ. ಪುಸ್ತಕದಲ್ಲಿ ಫ್ರಿಜ್ಜು ತೊಳೆಯುವ ಕ್ರಮವಿತ್ತು, ಕೇಕು ಸುಡುವ ಉಷ್ಣತೆ ಇತ್ತು, ಊಟದ ಮೇಜಿನ ಮೇಲೆ ಚಾಕು, ಫೋರ್ಕು ಇಡುವ ಚಿತ್ರವಿತ್ತು. ಊರಲ್ಲಿದ್ದದ್ದು ಒಂದೇ ಫ್ರಿಜ್ಜು, ಅದೂ ದವಾಖಾನೆಯಲ್ಲಿ ಸೂಜಿಮದ್ದು ಇಡುವುದಕ್ಕೆ. ನಸುಕಿನಲ್ಲೆದ್ದು ಕಟ್ಟಿಗೆ ಒಲೆಯ ಮುಂದೆ ಕೂತು ಮನೆಮಂದಿಗೆಲ್ಲ ರೊಟ್ಟಿ ಬಡಿದು, ಕೈಯ ಹಿಟ್ಟನ್ನು ಲಂಗಕ್ಕೆ ಒರೆಸಿಕೊಂಡು ಬರುವ ಹುಡುಗಿಯರು ಫೋರ್ಕು ಎಡಕ್ಕೆ, ಚಾಕು ಬಲಕ್ಕೆ ಎಂದು ಬಾಯಿಪಾಠ ಮಾಡುತ್ತಿದ್ದರು.

“ಬಾಯಾರ, ಫೋರ್ಕ್ ಅಂದ್ರ ಏನ್ರಿ?” ಎಂದು ಅಡರಕಟ್ಟಿಯಿಂದ ಬರುವ ಹುಡುಗಿಯೊಬ್ಬಳು ಕೇಳಿದಳು.

“ಪರೀಕ್ಷಾದಾಗ ಅದನ್ನ ಕೇಳೂದಿಲ್ಲ. ಕೂಡು.”

ಬಾಯಾರೂ ಅದನ್ನು ಕಂಡಿರಲಿಲ್ಲ.

ಈ ಶಾಲೆ ನಡೆಸುವ ಸಂಸ್ಥೆಗೆ ಶಿರಹಟ್ಟಿಯಲ್ಲಿ, ಮುಂಡರಗಿಯಲ್ಲಿ ಇನ್ನೊಂದೊಂದು ಶಾಲೆ, ಗದಗಿನಲ್ಲಿ ಕಚೇರಿ. ಅಧ್ಯಕ್ಷ ಹುಚ್ಚೀರಪ್ಪ ಅಡರಕಟ್ಟಿಯ ಗೌಡ, ದೊಡ್ಡ ಹೊಲದವನು. ಎಪ್ಪತ್ತೊಂಬತ್ತರ ಸುಮಾರಿಗೆ ಅವನು ಎಲ್ಲಿಯೋ ಒಂದು ಭಾಷಣ ಕೇಳಿ ಬಂದ: ಬರೇ ಓದು ಸಾಲದು, ಮಕ್ಕಳ ಕೈಗೆ ಕೆಲಸ ಕಲಿಸಬೇಕು. ಮಾತೇನೋ ಖರೆ. ಆದರೆ ಖರೆ ಮಾತು ಗೌಡನ ಕಿವಿಗೆ ಬಿದ್ದರೆ ಅದು ಗೌಡನ ಹೊಲಕ್ಕೇ ಹೋಗಿ ನಿಲ್ಲುತ್ತದೆ. ಶಿರಹಟ್ಟಿ ಶಾಲೆಯ ಗಂಡುಹುಡುಗರಿಗೆ ‘ಕೃಷಿ’ ಎಂಬ ಹೊಸ ವಿಷಯ ಶುರುವಾಯಿತು. ವಾರಕ್ಕೊಮ್ಮೆ ಹುಡುಗರು ಅವನ ಹೊಲದಲ್ಲಿ ಕಸ ತೆಗೆದರು, ಶೇಂಗಾ ಕಿತ್ತರು. ಕೂಲಿಯ ಬದಲು ಅಂಕ ಪಡೆದರು.

ಹೆಣ್ಣುಮಕ್ಕಳ ಗೃಹವಿಜ್ಞಾನವನ್ನೂ ಹೊಸದಾಗಿ ಬರೆಸಿದರು. ಬರೆದವರು ಯಾರೋ ಏನೋ, ತಪ್ಪಿ ಸರಿಯಾಗಿ ಬರೆದಿದ್ದರು. ಕೇಕು ಹೋಗಿ ಸಜ್ಜೆ ರೊಟ್ಟಿ, ಮಡಕಿಕಾಳು ಪಲ್ಯ, ಮಾದಲಿ ಬಂದವು. ಶಾಲೆಗೆ ಸೀಮೆಎಣ್ಣೆಯ ಸ್ಟೋವುಗಳು ಬಂದವು. ಹುಡುಗಿ ತಾನೇ ಅಡುಗೆ ಮಾಡಿ ತೋರಿಸಬೇಕು, ಬಾಯಾರು ಅಂಕ ಹಾಕಬೇಕು. ಸ್ವಚ್ಛತೆಗೆ ಇಷ್ಟು, ಮಿತಖರ್ಚಿಗೆ ಇಷ್ಟು. ಎಲ್ಲಕ್ಕೂ ಕೆಳಗೆ ಒಂದು ಸಾಲು: ರುಚಿಗೆ ಹತ್ತು.

ಆ ಸಾಲನ್ನು ಬಾಯಾರು ಎರಡೆರಡು ಸಲ ಓದಿದರು. ರುಚಿ ಎಂದರೆ ಬಾಯಿಗೆ ಹಾಕಿಕೊಳ್ಳಬೇಕು. ಯಾರ ಕೈಯದು? ಒಕ್ಕಲಿಗರದು, ನೇಕಾರರದು, ಸಾಬರದು, ಕೇರಿಯವರದು. ಜನ್ಮದಲ್ಲಿ ಸಾಧ್ಯವಿಲ್ಲದ ಮಾತು.

ಪಂಚಾಂಗ ಕೈಹಿಡಿಯಿತು. ಪರೀಕ್ಷೆಯ ದಿನ ಗೊತ್ತುಮಾಡುವುದು ಬಾಯಾರ ಕೈಯಲ್ಲೇ ಇತ್ತು. ಏಕಾದಶಿ ನೋಡಿ ಇಟ್ಟರು. ಅವತ್ತು ಅವರಿಗೆ ಹನಿ ನೀರೂ ಇಲ್ಲ. ದೇವರ ಹೆಸರು ಬಂದ ಮೇಲೆ ಎದುರಾಡುವವರು ಯಾರು? “ಇವತ್ತ ಪರೀಕ್ಷಾ ನಮ್ದಲ್ಲಲೇ, ಬಾಯಾರ ಹೊಟ್ಟಿದು,” ಎಂದು ಹುಡುಗಿಯರು ಪಿಸುಗುಟ್ಟಿ ನಗುತ್ತಿದ್ದರು.

ಹೀಗೆ ಬಾಯಾರಿಗೆ ಕಣ್ಣೇ ನಾಲಿಗೆಯಾಯಿತು. ಆ ಕಣ್ಣೂ ತಟ್ಟೆಗಿಂತ ಮೊದಲು ಹೆಸರು ನೋಡುತ್ತಿತ್ತು. ತಮ್ಮ ಓಣಿಯ ಹುಡುಗಿಯರಿಗೆ ಒಂಬತ್ತು. ಗೌಡರ, ಶೆಟ್ಟರ ಮಕ್ಕಳಿಗೆ ಎಂಟು. ಒಕ್ಕಲು ಮನೆಯವರಿಗೆ ಏಳು. ಸಾಬರ ಹುಡುಗಿಯರಿಗೂ ಕೇರಿಯ ಹುಡುಗಿಯರಿಗೂ ಐದು. ಇದರಲ್ಲಿ ಅವರಿಗೆ ಹಗೆಯೇನೂ ಇರಲಿಲ್ಲ, ಹೇಸಿಕೆ ಹುಟ್ಟಿಸುವುದು ಅದೇ. ಮೂರು ಕೊಡಬಹುದಾದಲ್ಲಿ ಐದು ಕೊಟ್ಟಿದ್ದೇನೆ, ನನ್ನದು ದೊಡ್ಡ ಮನಸ್ಸು ಎಂದೇ ನಂಬಿದ್ದರು.

ಖೈರುನಬಿ ಆ ಐದನ್ನು ನುಂಗಲಿಲ್ಲ. ಅವಳ ತಾಯಿ ಹಸೀನಾಬಿ ಬಸ್‌ಸ್ಟ್ಯಾಂಡಿನ ಬಾಜೂ ಮಿರ್ಚಿ ಭಜಿ ಕರಿಯುವವಳು, ಮಗಳು ಕಡಾಯಿಯ ಮುಂದೆಯೇ ಬೆಳೆದವಳು. ಹತ್ತನೆಯ ಇಯತ್ತೆಯಲ್ಲಿ ದೀಪಾವಳಿಗೆ ಮುಂಚಿನ ಪರೀಕ್ಷೆಯ ಅಂಕಗಳನ್ನು ಬಾಯಾರು ಓದಿ ಹೇಳಿದಾಗ ಎದ್ದು ನಿಂತಳು.

“ಬಾಯಾರ, ರುಚಿಗಿ ನನಗ ಐದ ಯಾಕ್ರಿ?”

“ಎಷ್ಟಿತ್ತೋ ಅಷ್ಟು ಹಾಕೀನಿ.”

“ನೀವು ತಿಂದೇ ಇಲ್ಲಲ್ರಿ.”

“ನೋಡಿದ್ರನ ತಿಳೀತದ ನನಗ. ಅನುಭವ ಅದ.”

“ಹಂಗಾದ್ರ ಬರೂ ಸಲ ನಾನೂ ನೋಡೇ ಮಾಡ್ತೀನ್ರಿ. ಸ್ಟೋ ಹಚ್ಚೂದ ಬ್ಯಾಡ.”

ವರ್ಗವೆಲ್ಲ ಬಿದ್ದು ಬಿದ್ದು ನಕ್ಕಿತು. ಬಾಯಾರು ಖೈರುನಬಿಯನ್ನು ಸಂಜೆ ಶಾಲೆ ಬಿಡುವತನಕ ಬಾಗಿಲ ಹೊರಗೆ ನಿಲ್ಲಿಸಿದರು.

ಹಸೀನಾಬಿ ಅರ್ಜಿ ಬರೆಸಲಿಲ್ಲ, ಅಳುತ್ತ ಕೂಡಲೂ ಇಲ್ಲ. ಹುಚ್ಚೀರಪ್ಪ ದಿನದ ರೂಢಿಯಂತೆ ಜೀಪು ನಿಲ್ಲಿಸಿ ಭಜಿಗೆ ಕೈ ಚಾಚುವವರೆಗೆ ಕಾದಳು. ಆಮೇಲೆ ಬಸ್ಸಿಗೆ ನಿಂತ ಮಂದಿಗೆಲ್ಲ ಕೇಳುವ ಹಾಗೆ ದನಿ ಎತ್ತಿದಳು.

“ಗೌಡ್ರ, ನಾ ಕರದದ್ದು ನಿಮ್ಮ ಹೊಟ್ಟಿಗಿ ಹೋಗತೈತಿ. ನನ್ನ ಮಗಳು ಮಾಡಿದ್ದು ನಿಮ್ಮ ಸಾಲಿ ಬಾಯಾರ ನಾಲಿಗಿಗೆ ಹತ್ತೂದಿಲ್ಲೇನ್ರಿ?”

“ಏನಬೇ, ಏನಾತು?”

“ಏನಿಲ್ರಿ. ತಿನ್ನವ್ರು ಇಲ್ಲಂದ್ರ ಆ ಸೀಮಿಎಣ್ಣಿ ಯಾಕ ಸುಡ್ತೀರಿ? ನನಗರ ಕೊಡ್ರಿ, ನಿಮಗ ನಾಕ ಭಜಿ ಹೆಚ್ಚಿಗಿ ಕರದ ಕೊಡ್ತೀನಿ.”

ಮಂದಿ ನಕ್ಕರು. ಹುಚ್ಚೀರಪ್ಪನಿಗೆ ಅನ್ಯಾಯ ಚುಚ್ಚಲಿಲ್ಲ, ಆ ನಗು ಚುಚ್ಚಿತು. ಮರುದಿನ ಬಾಯಾರನ್ನು ಕರೆಸಿದ.

“ಬಾಯಾರ, ವಾರ್ಷಿಕ ಪರೀಕ್ಷಾಕ್ಕ ಗದಗಿನಿಂದ ಮೇಲ್ವಿಚಾರಕರು ಬರ್ತಾರ. ಅವರ ಎದರಿಗೆ ತಿಂದು ಅಂಕಾ ಹಾಕ್ರಿ. ಆಗೂದಿಲ್ಲ ಅಂದ್ರ ಗೃಹವಿಜ್ಞಾನ ತಗದು ಡ್ರಾಯಿಂಗ್ ಹಚ್ಚತೀವಿ. ಈ ವರ್ಷ ನಿಮ್ಮನ್ನ ಕಾಯಂ ಮಾಡೂದಿತ್ತು. ಆಮ್ಯಾಲ ನಿಮ್ಮಿಚ್ಛಾ.”

“ಗೌಡ್ರ, ನಮ್ಮ ಮನ್ಯಾಗ ಆಚಾರ...”

“ಆಚಾರಕ್ಕ ಸಂಸ್ಥಾ ಪಗಾರ ಕೊಡಂಗಿಲ್ರಿ.”

ದಿನವನ್ನೂ ಕಚೇರಿಯವರೇ ಗೊತ್ತುಮಾಡಿದ್ದರು. ಬಾಯಾರು ಮನೆಗೆ ಬಂದು ಪಂಚಾಂಗ ತೆರೆದರು. ಸಪ್ತಮಿ. ಆ ಸಪ್ತಮಿಗೆ ಯಾವ ದೇವರೂ ಉಪವಾಸ ಹೇಳಿರಲಿಲ್ಲ. ತಿಂದರೆ ಮಡಿ ಹೋಗುತ್ತದೆ, ತಿನ್ನದಿದ್ದರೆ ನೌಕರಿ ಹೋಗುತ್ತದೆ. ಅತ್ತೆ ಇದನ್ನು ಕೇಳಿ ಬಾವಿಗೆ ಬೀಳುತ್ತಾರೇನೋ ಎಂದು ಅಂಜುತ್ತಲೇ ವಿಷಯ ತೆಗೆದರು.

ತುಳಸಾಬಾಯಿ ಬಾವಿಯ ಕಡೆ ನೋಡಲೂ ಇಲ್ಲ. ಮಗನ ಕಡೆ ನೋಡಿದರು.

“ಪಲ್ಲಣ್ಣಾ, ಶಾಸ್ತ್ರದಾಗ ಇದಕ್ಕ ಏನರೆ ಹಾದಿ ಅದ ಏನು?”

“ಆಪದ್ಧರ್ಮ ಅಂತ ಒಂದದ ಅವ್ವಾ. ಪ್ರಾಣಕ್ಕ ಬಂದಾಗ ನಡೀತದ.”

“ಪಗಾರ ನಿಂತ್ರ ಪ್ರಾಣಕ್ಕ ಬಂದಂಗ ಅಲ್ಲೇನು? ಸುಂದರಾ, ನುಂಗಬ್ಯಾಡ. ನಾಲಿಗಿ ತುದಿಗೆ ಹಚ್ಚಿಕೊಂಡು ಸೆರಗಿನ್ಯಾಗ ಉಗುಳು. ಬಂದು ಪಂಚಗವ್ಯ ತಗೋ. ನಾನ ಮಾಡಿ ಇಟ್ಟಿರ್ತೀನಿ.”

ಇಷ್ಟು ವರ್ಷ ಮಕ್ಕಳ ಗಾಳಿ ತಾಗಿದೆಯೆಂದು ಸೊಸೆಯನ್ನು ಒಲೆಯಿಂದ ದೂರ ಇಟ್ಟ ಹೆಂಗಸು ಇವರೇ. ಧರ್ಮ ಒಂದು ತಾಸಿನಲ್ಲಿ ತೋಯ್ದ ಹಪ್ಪಳದಷ್ಟು ಮೆತ್ತಗಾದದ್ದನ್ನು ಕಂಡು ಬಾಯಾರಿಗೂ ಅಚ್ಚರಿಯಾಯಿತು. ಅಚ್ಚರಿಯಾಯಿತು, ಅಷ್ಟೇ. ಅದರಾಚೆಗೆ ವಿಚಾರ ಮಾಡುವ ಚಟ ಅವರಿಗಿರಲಿಲ್ಲ.

ಪರೀಕ್ಷೆಯ ಮುಂಜಾನೆ ಬರುವ ಮೇಲ್ವಿಚಾರಕರ ಹೆಸರು ಜಯತೀರ್ಥ ಎಂದು ತಿಳಿದು ಬಾಯಾರ ಜೀವ ತುಸು ಹಗುರಾಯಿತು. ನಮ್ಮವರು, ಅರ್ಥ ಮಾಡಿಕೊಂಡಾರು.

ಜಯತೀರ್ಥರು ಬಸ್ಸಿಳಿದು ಬಂದವರೇ ಬೆಂಚಿನ ಮೇಲೆ ಕೂತು ಮೊದಲನೆಯ ತಟ್ಟೆಗೆ ಕೈ ಹಾಕಿದರು. ಸಜ್ಜೆ ರೊಟ್ಟಿ ಮುರಿದರು, ಪಲ್ಯ ಬಳಿದರು, ಯಾರ ತಟ್ಟೆ ಎಂದು ಕೇಳಲಿಲ್ಲ. “ಉಳ್ಳಾಗಡ್ಡಿ ಐತೇನವಾ?” ಎಂದು ಕೇರಿಯ ಹುಡುಗಿಯನ್ನು ಅವಳದೇ ಮಾತಿನಲ್ಲಿ ಕೇಳಿ, ಹಸಿ ಈರುಳ್ಳಿ ತರಿಸಿಕೊಂಡು ಕಡಿದರು. ಬಾಯಾರು ಹತ್ತಿರ ಬಂದು ದನಿ ತಗ್ಗಿಸಿದರು.

“ರಾಯರ, ನೀವು... ಹೀಂಗ...”

“ಮುಂಜಾನಿಂದ ಹೊಟ್ಟಿಗಿಲ್ರಿ ಬಾಯಾರ. ನಿನ್ನೆ ಮುಂಡರಗಿಯೊಳಗ ಡ್ರಾಯಿಂಗ್ ಪರೀಕ್ಷಾ ನೋಡಿ ಬಂದೆ. ಡ್ರಾಯಿಂಗ್ ತಿನ್ನಲಿಕ್ಕೆ ಬರ್ತದೇನು?”

ಪಕ್ಕದಲ್ಲಿ ಹುಚ್ಚೀರಪ್ಪನೂ ಕೂತಿದ್ದ. ತನ್ನ ತಮ್ಮನ ಮಗಳು ಮಾಡಿದ ಮಾದಲಿಯನ್ನು ಎರಡು ಬೊಗಸೆ ತಿಂದಿದ್ದ. ಕೇರಿಯ ಹುಡುಗಿಯ ಮಾದಲಿ ಎದುರು ಬಂದಾಗ ಮಾತ್ರ ಅವನಿಗೆ ಸಕ್ಕರೆ ಕಾಯಿಲೆ ಎದ್ದುಬಂತು. “ಡಾಕ್ಟರ್ ಬ್ಯಾಡಂದಾರವಾ,” ಎಂದು ತಟ್ಟೆಯನ್ನು ಮುಂದಕ್ಕೆ ದಬ್ಬಿದ. ಬಾಯಾರಿಗೆ ಬುದ್ಧಿ ಹೇಳಿದ ಧರ್ಮಾತ್ಮ ಇವನು.

ಖೈರುನಬಿಯದೂ ಮಾದಲಿಯೇ. ಜಯತೀರ್ಥರು ಒಮ್ಮೆ ತಿಂದು, ಇನ್ನೊಮ್ಮೆ ಹಾಕಿಸಿಕೊಂಡು, ತಟ್ಟೆಯನ್ನು ಬಾಯಾರ ಮುಂದೆ ಸರಿಸಿದರು.

“ಹೂಂ, ಈಗ ನೀವು ತಗೋರಿ.”

ಬಾಯಾರು ಚಿಟಿಕೆಯಷ್ಟು ತೆಗೆದು ನಾಲಿಗೆಯ ತುದಿಗೆ ಇಟ್ಟುಕೊಂಡರು. ತುಳಸಾಬಾಯಿಯ ಉಪಾಯ ಎಡವಿದ್ದು ಇಲ್ಲಿ. ಮಾದಲಿ ಎಂದರೆ ಗೋಧಿಯ ಕಡಕು ರೊಟ್ಟಿಯನ್ನು ಕುಟ್ಟಿ, ಬೆಲ್ಲ, ಪುಠಾಣಿ, ಕೊಬ್ಬರಿ ಕೂಡಿಸಿದ ಪುಡಿ. ಅದು ನಾಲಿಗೆ ತುದಿಯಲ್ಲಿ ಉಗುಳಿಸಿಕೊಳ್ಳಲು ಕಾಯುತ್ತ ಕೂಡುವುದಿಲ್ಲ. ಬಾಯಿಯ ನೀರಿಗೆ ಕರಗಿ ತಾನೇ ಒಳಗೆ ಇಳಿಯಿತು. ಬಾಯಾರು ಸೆರಗು ಎತ್ತುವುದರೊಳಗೆ ಬಾಯಿ ಖಾಲಿ.

ರುಚಿಯಾಗಿತ್ತು. ತುಳಸಾಬಾಯಿ ಬೆಲ್ಲ ಉಳಿಸಿ ಮಾಡುವ ಹಬ್ಬದ ಸಿಹಿಯನ್ನೇ ಉಂಡು ಬಂದ ನಾಲಿಗೆಗೆ ಅದು ಸುಳ್ಳು ಹೇಳಲು ಬಿಡದಷ್ಟು ರುಚಿಯಾಗಿತ್ತು. ಆದರೆ ಸುಳ್ಳು ಹೇಳುವುದು ನಾಲಿಗೆಯ ಕೆಲಸವಾಗಿರಲಿಲ್ಲ, ಪೆನ್ನಿನದಾಗಿತ್ತು. ಪೆನ್ನು ರುಚಿಯ ಸಾಲಿನ ಮೇಲೆ ತುಸು ಹೊತ್ತು ನಿಂತಿತು. ಒಂಬತ್ತು ಬರೆದರೆ ಹಿಂದೆ ಬರೆದ ಐದುಗಳೆಲ್ಲ ಎದ್ದು ಕೂತು ಲೆಕ್ಕ ಕೇಳುತ್ತವೆ. ಬಾಯಾರು ಐದು ಬರೆದರು.

ಎದುರಿಗೇ ನಿಂತಿದ್ದ ಖೈರುನಬಿ ತಲೆಕೆಳಗಾಗಿ ಕಂಡ ಅಂಕೆಯನ್ನು ಓದಿಕೊಂಡಳು.

“ಈಗ ತಿಂದ್ರೆಲ್ರಿ ಬಾಯಾರ. ಈಗೂ ಐದೇನ್ರಿ?”

“ಬೆಲ್ಲ ಸ್ವಲ್ಪ ಮುಂದಾಗ್ಯದ.”

ಹುಡುಗಿ ಜಯತೀರ್ಥರ ಕಡೆ ತಿರುಗಿದಳು. “ಸರ, ನೀವು ಎರಡ ಸಲ ಹಾಕಿಸ್ಕೊಂಡ್ರೆಲ್ರಿ?”

“ನನಗ ಹಸಿವಿತ್ತವಾ,” ಎಂದು ಜಯತೀರ್ಥರು ಬೆರಳು ನೆಕ್ಕಿದರು. “ಹಸಿವಿಗೆ ಅಂಕಾ ಇಲ್ಲ.” ಅದೇ ಬೆರಳನ್ನು ಪಂಚೆಗೆ ಒರೆಸಿ ಬಾಯಾರ ಸಹಿಯ ಕೆಳಗೆ ತಮ್ಮ ಸಹಿ ಹಾಕಿದರು. ಅವರಿಗೆ ಗದಗಿನ ಬಸ್ಸು ಹಿಡಿಯಬೇಕಿತ್ತು.

ಖೈರುನಬಿ ತಟ್ಟೆ ಎತ್ತಿಕೊಂಡು ಹೊರಗೆ ಹೋದಳು. ಪಡಸಾಲೆಯಲ್ಲಿ ಹುಡುಗಿಯರು ಮುಗಿಬಿದ್ದು ಅದನ್ನು ಖಾಲಿ ಮಾಡಿದರು. ಅವರಲ್ಲಿ ಬಾಯಾರ ಓಣಿಯವರೂ ಇದ್ದರು.

ಮನೆಯಲ್ಲಿ ಪಂಚಗವ್ಯ ತಯಾರಿತ್ತು. ಬಾಯಾರು ಅದನ್ನು ಮಾತ್ರ ಉಗುಳದೆ ಗಟಗಟ ಕುಡಿದರು. ಜೂನ್ ತಿಂಗಳಲ್ಲಿ ಕಾಯಂ ಆದರು. ಪ್ರಹ್ಲಾದಾಚಾರ ಗುಡಿಯಲ್ಲಿ ವಿಶೇಷ ಪೂಜೆ ಮಾಡಿದ.

ಎಂಬತ್ತನಾಲ್ಕರಲ್ಲಿ ಸಂಸ್ಥೆ ಪಠ್ಯಕ್ರಮವನ್ನು ಮತ್ತೆ ತಿದ್ದಲು ಸಮಿತಿ ಮಾಡಿತು. ಗದಗಿನ ಕಚೇರಿಯಲ್ಲಿ ಸಭೆ. ಪ್ರಾಯೋಗಿಕ ಪರೀಕ್ಷೆಯನ್ನು ಖುದ್ದು ತಿಂದು ನಡೆಸಿದ ಅನುಭವಿಗಳು ಎಂದು ಸುಂದರಾಬಾಯಿಯವರನ್ನು ಸದಸ್ಯರನ್ನಾಗಿ ಕರೆದರು. ಬಾಯಾರು ಎದ್ದು ನಿಂತು, ಸೆರಗು ಹೊದ್ದು, ನಿಧಾನವಾಗಿ ಹೇಳಿದರು:

“ರುಚಿ ಅನ್ನೂದು ಒಬ್ಬೊಬ್ಬರಿಗೆ ಒಂದೊಂದ ಥರಾ. ಅದಕ್ಕ ಅಂಕಾ ಹಾಕೂದಂದ್ರ ಮಕ್ಕಳಿಗೆ ಅನ್ಯಾಯ ಆಗ್ತದ.”

ಅನ್ಯಾಯ ಎಂಬ ಶಬ್ದ ಆ ಬಾಯಿಂದ ಬಂದರೂ ಮೇಜು ಮುರಿದು ಬೀಳಲಿಲ್ಲ. ಹುಚ್ಚೀರಪ್ಪ, ಸಕ್ಕರೆ ಕಾಯಿಲೆಯವನು, ಮೊದಲು ತಲೆಯಾಡಿಸಿದ. ಉಳಿದವರೂ ಆಡಿಸಿದರು. ಜಯತೀರ್ಥರೊಬ್ಬರೇ “ಹಂಗಾದ್ರ ಪರೀಕ್ಷಾಕ್ಕ ನಾ ಯಾಕ ಬರಬೇಕು?” ಎಂದು ಗೊಣಗಿದರು. ರುಚಿಯ ಸಾಲು ಹೋಯಿತು. ಅದರ ಜಾಗದಲ್ಲಿ ತಟ್ಟೆಯ ಅಲಂಕಾರಕ್ಕೆ ಹತ್ತು ಅಂಕ ಬಂತು.

ಅಲ್ಲಿಂದ ಮುಂದೆ ಹುಡುಗಿಯರು ಟೊಮೆಟೊ ಕೊಯ್ದು ಗುಲಾಬಿ ಮಾಡುವುದನ್ನು ಕಲಿತರು, ಗಜ್ಜರಿ ಕೊರೆದು ನಕ್ಷತ್ರ ಮಾಡಿದರು. ಎರಡು ತಾಸಿನ ಪರೀಕ್ಷೆಯಲ್ಲಿ ಒಂದೂವರೆ ತಾಸು ಹೂವಿಗೆ ಹೋಯಿತು, ಸ್ಟೋವಿಗೆ ಅರ್ಧ ತಾಸು ಉಳಿಯಿತು. ಬಾಯಾರು ಬೆಂಚುಗಳ ನಡುವೆ ಕೈ ಹಿಂದೆ ಕಟ್ಟಿಕೊಂಡು ಓಡಾಡುತ್ತ, ಬಗ್ಗಿ ನೋಡುತ್ತ, ಅಂಕ ಹಾಕಿದರು. ಮೇಲೆ ಗುಲಾಬಿ, ಕೆಳಗೆ ಅರೆಬೆಂದ ಅನ್ನ.